ಗೊಬ್ಬರ ನೈದಿಲೆಯ ಬುಡದ ಕೆಸರಿಗೆ ಸೇರಲಿ, ಕೊಳದ ನೀರಿಗಲ್ಲ

ಮಾನ್ಯ ಸಂಪಾದಕರೇ,

ಮನೆಯಂಗಳದಲ್ಲಿ ಸಣ್ಣ ಕೊಳ ಮಾಡಿಕೊಂಡು ನೈದಿಲೆ ಬೆಳೆಸುವ ಕುರಿತು ನಿಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಬಂದ ಬರಹವನ್ನು ಆಸಕ್ತಿಯಿಂದ ಓದಿದೆ. ತೋಟಗಾರಿಕೆಯ ಪುಟಗಳಲ್ಲಿ ಜಲಸಸ್ಯಗಳಿಗೆ ಜಾಗ ಸಿಗುವುದು ಅಪರೂಪವಾದ್ದರಿಂದ ಅದನ್ನು ಪ್ರಕಟಿಸಿದ್ದಕ್ಕೆ ಮೊದಲು ವಂದನೆ ಸಲ್ಲಿಸುತ್ತೇನೆ. ಆದರೆ ಹೂವು ಕಡಿಮೆಯಾದಾಗ ಕೊಳದ ನೀರಿಗೆ ಒಂದು ಹಿಡಿ ಗೊಬ್ಬರವನ್ನೋ ಸಗಣಿ ಬಗ್ಗಡವನ್ನೋ ಹಾಕಬೇಕೆಂದು ಅದರಲ್ಲಿ ನೀಡಿದ್ದ ಸಲಹೆಯನ್ನು ಓದುಗರು ಪಾಲಿಸಿದರೆ ಹೂವು ಹೆಚ್ಚುವುದಿಲ್ಲ, ನೀರು ಕೆಡುತ್ತದೆ, ಮೀನುಗಳಿದ್ದರೆ ಅವೂ ಸಾಯಬಹುದು ಎಂಬ ಕಾರಣಕ್ಕೆ ಈ ಪತ್ರ ಬರೆಯುತ್ತಿದ್ದೇನೆ. ನೈದಿಲೆಗೆ ಗೊಬ್ಬರ ಬೇಕು, ಧಾರಾಳವಾಗಿಯೇ ಬೇಕು. ಆದರೆ ಅದನ್ನು ಕೊಡಬೇಕಾದ ಜಾಗ ಬೇರಿನ ಸುತ್ತಲ ಕೆಸರು.

ನೈದಿಲೆಯ ಎಲೆ ನೀರಿನ ಮೇಲೆ ತೇಲುತ್ತದೆಯಾದರೂ ಗಿಡಕ್ಕೆ ಬೇಕಾದ ಪೋಷಕಾಂಶಗಳು ಬಹುಮಟ್ಟಿಗೆ ಕೆಸರಿನಲ್ಲಿ ಹರಡಿದ ಬೇರುಗಳ ಮೂಲಕವೇ ಬರುತ್ತವೆ. ಗಾಳಿಯಾಡದ ಆ ಕೆಸರಿನಲ್ಲಿ ಬೇರು ಬದುಕಲು ಎಲೆಯ ತೊಟ್ಟಿನೊಳಗೆ ಉದ್ದಕ್ಕೂ ಟೊಳ್ಳು ಕೊಳವೆಗಳಿವೆ; ತೊಟ್ಟನ್ನು ಅಡ್ಡಲಾಗಿ ಮುರಿದರೆ ಅವು ಬರಿಗಣ್ಣಿಗೇ ಕಾಣುತ್ತವೆ. ನೀರಿನಲ್ಲಿ ಕರಗಿದ ಸಾರಜನಕವನ್ನೂ ರಂಜಕವನ್ನೂ ಎಲ್ಲರಿಗಿಂತ ಮೊದಲು ಬಳಸಿಕೊಳ್ಳುವುದು ಪಾಚಿ. ಕಾಟ್ಲಾ, ರೋಹು ಸಾಕುವ ರೈತರು ಹೊಂಡಕ್ಕೆ ಸಗಣಿಯನ್ನೂ ಸೂಪರ್ ಫಾಸ್ಫೇಟನ್ನೂ ಹಾಕುವುದು ಈ ಸೂಕ್ಷ್ಮ ಪಾಚಿ ಬೆಳೆದು ನೀರು ಹಸಿರಾಗಲಿ, ಮೀನುಗಳಿಗೆ ಮೇವಾಗಲಿ ಎಂದೇ. ಅವರು ಬೇಕೆಂದು ಮಾಡುವ ಆ ಕೆಲಸವನ್ನು ನಾವು ಹೂವಿನ ಆಸೆಯಿಂದ ಅಂಗಳದ ಕೊಳದಲ್ಲಿ ಮಾಡಿದರೆ ಫಲವೂ ಅದೇ ಆಗುತ್ತದೆ. ಹಗಲಿನಲ್ಲಿ ಆಮ್ಲಜನಕ ಬಿಡುವ ಪಾಚಿ ರಾತ್ರಿ ಅದನ್ನು ಬಳಸಿಕೊಳ್ಳುವುದರಿಂದ ಬೆಳಗಿನ ಜಾವದ ಹೊತ್ತಿಗೆ ನೀರಿನಲ್ಲಿ ಆಮ್ಲಜನಕ ತೀರಾ ಕಡಿಮೆಯಾಗಿ, ಮೀನುಗಳು ಮೇಲೆ ಬಂದು ಬಾಯಿ ಬಿಡತೊಡಗುತ್ತವೆ. ಡಿಎಪಿಯಂಥ, ಅಂದರೆ ಡೈ ಅಮೋನಿಯಂ ಫಾಸ್ಫೇಟಿನಂಥ ರಾಸಾಯನಿಕ ಗೊಬ್ಬರವಾದರೆ ಅದರಿಂದ ಬರುವ ಅಮೋನಿಯಾದ ವಿಷವೂ ಇದಕ್ಕೆ ಸೇರುತ್ತದೆ. ಆಗ ಗಾಬರಿಗೊಂಡು ಪಾಚಿ ಕೊಲ್ಲಲು ಮೈಲುತುತ್ತ ಹಾಕುವವರಿದ್ದಾರೆ. ಅದು ಮೀನು, ಬಸವನಹುಳುಗಳಿಗೂ ವಿಷವೆಂಬುದನ್ನು ಯಾರೂ ಮರೆಯಬಾರದು.

ಸರಿಯಾದ ಕ್ರಮ ಕುಂಡದ ಮಣ್ಣಿನಿಂದಲೇ ಆರಂಭವಾಗುತ್ತದೆ. ಆಳಕ್ಕಿಂತ ಅಗಲ ಹೆಚ್ಚಿರುವ, ಹತ್ತರಿಂದ ಹದಿನೈದು ಲೀಟರ್ ಮಣ್ಣು ಹಿಡಿಯುವ, ತಳದಲ್ಲಿ ತೂತಿಲ್ಲದ ಪ್ಲಾಸ್ಟಿಕ್ ಟಬ್ ಸಾಕು. ಬೇರೆ ಹೂಗಿಡಗಳಿಗೆ ಬಳಸುವ ಹಗುರವಾದ ಮಿಶ್ರಣ ಇಲ್ಲಿ ಸಲ್ಲದು: ತೆಂಗಿನ ನಾರಿನ ಪುಡಿ ತೇಲಿ ಹೋಗುತ್ತದೆ, ಹಸಿ ಸಗಣಿ, ಪೂರ್ತಿ ಕಳಿಯದ ಗೊಬ್ಬರಗಳು ನೀರಿನಡಿಯಲ್ಲಿ ಕೊಳೆತು ಕೆಟ್ಟ ಮೊಟ್ಟೆಯ ವಾಸನೆ ಬರಿಸಿ ಬೇರನ್ನು ಕಪ್ಪಾಗಿಸುತ್ತವೆ. ಬೇಕಾಗಿರುವುದು ಅಂಟುಗುಣವುಳ್ಳ ಭಾರವಾದ ಜೇಡಿಮಣ್ಣು. ನಮ್ಮ ಹಳ್ಳಿಗಳಲ್ಲಿ ಹೊಲಕ್ಕೆ ಹೊಡೆಯುತ್ತಿದ್ದ ಕೆರೆಗೋಡು ಇದಕ್ಕೆ ಅತ್ಯುತ್ತಮ. ಆದರೆ ಚರಂಡಿ ನೀರು ಸೇರುವ ನಗರದ ಕೆರೆಗಳ ಹೂಳನ್ನು ಮನೆಗೆ ತರಬಾರದು. ಜೇಡಿಯ ಕಣಗಳು ಅಮೋನಿಯಂ ರೂಪದ ಸಾರಜನಕವನ್ನೂ ರಂಜಕವನ್ನೂ ಹಿಡಿದಿಟ್ಟುಕೊಂಡು ನಿಧಾನವಾಗಿ ಬೇರಿಗೆ ಬಿಟ್ಟುಕೊಡುವುದರಿಂದ, ಮಣ್ಣಿನೊಳಗೆ ಹೂತ ಗೊಬ್ಬರ ಸುಲಭವಾಗಿ ಮೇಲಿನ ನೀರಿಗೆ ಸೋರುವುದಿಲ್ಲ. ಮೇಲೊಂದು ಅಂಗುಲ ದಪ್ಪಕ್ಕೆ ದಪ್ಪ ಮರಳನ್ನೋ ಸಣ್ಣ ಜಲ್ಲಿಯನ್ನೋ ಹರಡಿದರೆ ಮೀನುಗಳು ಮಣ್ಣು ಕೆದಕಿ ನೀರನ್ನು ರಾಡಿ ಮಾಡುವುದೂ ತಪ್ಪುತ್ತದೆ.

ಗೊಬ್ಬರ ಕೊಡುವುದು ಕಷ್ಟದ ಕೆಲಸವೇನಲ್ಲ. ಜಲಸಸ್ಯಗಳಿಗೆಂದೇ ನಿಧಾನವಾಗಿ ಕರಗುವ ಗುಳಿಗೆಗಳು ಸಿಗುತ್ತವೆ. ಅವು ಸಿಗದ ಊರುಗಳಲ್ಲಿ ಒಂದು ಟೀ ಚಮಚದಷ್ಟು ಡಿಎಪಿಯನ್ನು ಹಳೆಯ ಪತ್ರಿಕೆಯ ಚೂರಿನಲ್ಲಿ ಬಿಗಿಯಾಗಿ ಸುತ್ತಿ, ಅಥವಾ ಜೇಡಿಮಣ್ಣಿನ ಉಂಡೆಯೊಳಗಿಟ್ಟು ಒಣಗಿಸಿ, ಗಿಡದ ಬುಡದಿಂದ ತುಸು ದೂರದಲ್ಲಿ ಬೆರಳುದ್ದ ಆಳಕ್ಕೆ ಒತ್ತಿ, ತೂತನ್ನು ಮಣ್ಣಿನಿಂದ ಮುಚ್ಚಬೇಕು. ಡಿಎಪಿಯಲ್ಲಿ ಸಾರಜನಕ ಶೇಕಡಾ 18, ರಂಜಕ 46 ಇದ್ದು ಪೊಟ್ಯಾಷ್ ಇಲ್ಲವೇ ಇಲ್ಲ. ಆದ್ದರಿಂದ ಆಗಾಗ ಚಿಟಿಕೆ ಪೊಟ್ಯಾಷನ್ನೂ ಆ ಪೊಟ್ಟಣಕ್ಕೆ ಸೇರಿಸುವುದು ಒಳ್ಳೆಯದು. ಎಲೆಗಳ ಮೇಲೆ ಸಿಂಪಡಿಸಲೆಂದು ಮಾರುವ, ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮನಾಗಿರುವ 19:19:19 ಗೊಬ್ಬರ ನೀರಿನಲ್ಲಿ ಕೂಡಲೇ ಕರಗಿಬಿಡುವಂಥದ್ದು. ಅದನ್ನು ಕೊಳದಿಂದ ದೂರವೇ ಇಡಬೇಕು. ಬೇಸಿಗೆಯ ಆರಂಭದಿಂದ ಮಳೆಗಾಲ ಮುಗಿಯುವವರೆಗೆ ತಿಂಗಳಿಗೊಮ್ಮೆ ಕೊಟ್ಟರೆ ಸಾಲುತ್ತದೆ. ಡಿಸೆಂಬರ್, ಜನವರಿಯ ಚಳಿಯಲ್ಲಿ ಬೆಳವಣಿಗೆ ಕುಂಠಿತವಾಗುವುದರಿಂದ ಆಗ ನಿಲ್ಲಿಸಬೇಕು.

ಗಿಡ ಹಸಿದಿರುವುದನ್ನು ಅದರ ಹೊಸ ಎಲೆಗಳನ್ನು ನೋಡಿಯೇ ತಿಳಿಯಬಹುದು: ಅವು ಹಿಂದಿನ ಎಲೆಗಳಿಗಿಂತ ಚಿಕ್ಕದಾಗಿ, ತಿಳಿಹಳದಿಯಾಗಿ ಬರುತ್ತವೆ. ಹಳೆಯ ಎಲೆ ಹಣ್ಣಾಗುವುದು ಸಹಜ. ಅದನ್ನು ಕಂಡು ಗೊಬ್ಬರ ಹಾಕುವ ಅಗತ್ಯವಿಲ್ಲ, ತೊಟ್ಟಿನ ಬುಡದಿಂದ ಕಿತ್ತು ತೆಗೆದರೆ ಸಾಕು. ಎಲೆಗಳು ಹಸಿರಾಗಿಯೇ ಇದ್ದು ನೀರಿನಿಂದ ಮೇಲೆದ್ದು ಒಂದನ್ನೊಂದು ತಳ್ಳುತ್ತಿದ್ದರೆ ಕುಂಡದೊಳಗೆ ಜಾಗ ಮುಗಿದಿದೆಯೆಂದು ಅರ್ಥ. ಆಗ ಗೊಬ್ಬರದಿಂದ ಪ್ರಯೋಜನವಿಲ್ಲ. ಗಿಡವನ್ನು ಎತ್ತಿ, ಗಡ್ಡೆಯನ್ನು ಬಿಡಿಸಿ, ಹೊಸ ಮಣ್ಣಿನಲ್ಲಿ ನೆಡಬೇಕು. ದಿನಕ್ಕೆ ಐದಾರು ಗಂಟೆಯ ನೇರ ಬಿಸಿಲು ಬೀಳದ ಕಡೆ ಯಾವ ಗೊಬ್ಬರವೂ ಹೂವು ತರಿಸದು. ಕಾರಂಜಿಯ ನೀರು ಸದಾ ಎಲೆಗಳ ಮೇಲೆ ಬೀಳುವುದೂ ನೈದಿಲೆಗೆ ಆಗಿಬರುವುದಿಲ್ಲ.

ನೆಡುವಾಗ ಯಾವ ಬಗೆಯ ನೈದಿಲೆ ಎಂಬುದನ್ನು ತಿಳಿದಿರಬೇಕಾದುದು ಅವಶ್ಯ. ನರ್ಸರಿಗಳಲ್ಲಿ ಸಿಗುವವುಗಳಲ್ಲಿ ಒಂದು ಗುಂಪು ಶೀತ ದೇಶದ್ದು. ಫ್ರಾನ್ಸಿನ ಲಾತೂರ್-ಮಾರ್ಲಿಯಾಕ್ 1875ರಲ್ಲಿ ನರ್ಸರಿ ಆರಂಭಿಸಿ, ಚಳಿ ತಡೆಯುವ ಬಿಳಿ ನೈದಿಲೆಯನ್ನು ಬೇರೆ ಬಣ್ಣದವುಗಳೊಡನೆ ಕೂಡಿಸಿ ಪಡೆದ ಹಳದಿ, ಗುಲಾಬಿ, ಕೆಂಪು ತಳಿಗಳ ಪರಂಪರೆ ಇದು; ಚಿತ್ರಕಾರ ಮೋನೆ ತನ್ನ ಕೊಳಕ್ಕೆ ಗಿಡ ತರಿಸಿದ್ದೂ ಇದೇ ನರ್ಸರಿಯಿಂದ. ಇವುಗಳ ಗಡ್ಡೆ ಅಡ್ಡಡ್ಡ ಹರಿಯುವುದರಿಂದ ಕುಂಡದ ಅಂಚಿನಲ್ಲಿ, ಸುಳಿ ನಡುವಿನ ಕಡೆಗೆ ಮುಖ ಮಾಡಿರುವಂತೆ ಓರೆಯಾಗಿ ನೆಡಬೇಕು. ಇನ್ನೊಂದು ಗುಂಪು ಉಷ್ಣವಲಯದ್ದು. ಹಗಲು ಅರಳುವ ನಮ್ಮ ನೀಲಿ ನೈದಿಲೆ, ಸಂಜೆ ಅರಳಿ ಮರುದಿನ ಬಿಸಿಲೇರಿದಾಗ ಮುಚ್ಚುವ ಬಿಳಿ ಮತ್ತು ಕೆಂಪು ನೈದಿಲೆಗಳು ಇದಕ್ಕೆ ಸೇರುತ್ತವೆ. ಇವನ್ನು ಕುಂಡದ ನಡುವೆ ನೆಡಬೇಕು. ಎರಡರಲ್ಲೂ ಸುಳಿ ಮಣ್ಣಿನಲ್ಲಿ ಹೂತುಹೋಗಬಾರದು, ಮೊದಮೊದಲು ಅದರ ಮೇಲೆ ಅರ್ಧ ಅಡಿ ನೀರಿದ್ದರೆ ಸಾಕು. ಬಯಲುಸೀಮೆಯ ಬಿಸಿಲಿಗೆ ನಮ್ಮ ನಾಡಿನ ನೈದಿಲೆಗಳೇ ಹೆಚ್ಚು ಹೊಂದುತ್ತವೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಅವನ್ನು ಬಿಟ್ಟು ವಿದೇಶಿ ತಳಿಗೆ ದುಬಾರಿ ಬೆಲೆ ತೆರುವುದನ್ನು ಕಂಡರೆ ಬೇಸರವಾಗುತ್ತದೆ.

ಡೆಂಗಿಯ ದಿನಗಳಲ್ಲಿ ಕೊಳವೆಂದರೆ ಅಕ್ಕಪಕ್ಕದವರು ಆತಂಕಪಡುವುದು ನ್ಯಾಯವೇ. ಸೊಳ್ಳೆಯ ಮರಿಗಳನ್ನು ತಿನ್ನುವ ಸಣ್ಣ ಮೀನುಗಳಿಲ್ಲದೆ ಯಾರೂ ನೈದಿಲೆ ಕೊಳ ಇಟ್ಟುಕೊಳ್ಳಬಾರದು. ಅಂಥ ಮೀನು ಬದುಕಿರಬೇಕಾದರೆ ನೀರಿಗೆ ಗೊಬ್ಬರವಾಗಲಿ ಕೀಟನಾಶಕವಾಗಲಿ ಬೀಳಬಾರದು. ಹಾಗೆಯೇ ಕೊಳದ ಅಲಂಕಾರಕ್ಕೆಂದು ಕೆಲವೆಡೆ ಮಾರುವ, ನೇರಳೆ ಹೂವಿನ ಅಂತರಗಂಗೆಯನ್ನು ಕೊಳ್ಳಬಾರದು, ಹೆಚ್ಚಾದ ಗಿಡಗಳನ್ನು ಕೆರೆಗೆ ಎಸೆಯಲೂಬಾರದು. ದಕ್ಷಿಣ ಅಮೆರಿಕದಿಂದ ಬಂದ ಈ ಕಳೆ ನಮ್ಮ ಎಷ್ಟು ಕೆರೆಗಳನ್ನು ಮುಚ್ಚಿದೆಯೆಂಬುದನ್ನು ಬೆಂಗಳೂರಿನವರಿಗೆ ಹೇಳಬೇಕಾಗಿಲ್ಲ.

ಮುಂದಿನ ಸಂಚಿಕೆಯಲ್ಲಿ ಗೊಬ್ಬರದ ಕುರಿತ ಆ ಸಲಹೆಗೆ ತಿದ್ದುಪಡಿ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ. ಲಾಲ್‌ಬಾಗ್‌ನ ಫಲಪುಷ್ಪ ಪ್ರದರ್ಶನಗಳಿಗೆ ಬರುವ ಜನರಿಗೆ ನೈದಿಲೆಯ ಕುಂಡ ತುಂಬುವುದನ್ನೂ ಗೊಬ್ಬರ ಒತ್ತುವುದನ್ನೂ ಮಾಡಿ ತೋರಿಸುವ ಒಂದು ಮಳಿಗೆಯನ್ನು ತೋಟಗಾರಿಕೆ ಇಲಾಖೆ ತೆರೆಯಲಿ. ಮಾರುವ ಪ್ರತಿ ಗಿಡಕ್ಕೂ ಅದು ಯಾವ ಗುಂಪಿನದು, ಎಷ್ಟು ಆಳದ ನೀರು ಬೇಕು ಎಂಬ ಚೀಟಿಯನ್ನು ನರ್ಸರಿಯವರು ಕಟ್ಟಿ ಕೊಡಲಿ.

ಇಂತಿ,
ನಿಮ್ಮ ಪತ್ರಿಕೆಯ ಓದುಗರಲ್ಲೊಬ್ಬಳು,
ಮೈಸೂರು