ನವೆಂಬರ್ 9ರ ಬೆಳಗ್ಗೆ ಅವನಿಗೆ ಏನು ಗೊತ್ತಿತ್ತು?

ಪ್ರೀತಿಯ ತಮ್ಮಾ,

ನೀನು ಬರೆದ ಅಮೆರಿಕದ ಅಂತರ್ಯುದ್ಧದ ಕಥೆಯ ಕರಡು ಓದಿದೆ. 1861ರ ನವೆಂಬರ್ 8ರ ರಾತ್ರಿ ಪೂರ್ವ ಟೆನೆಸ್ಸಿಯ ಗ್ರೀನ್ ಕೌಂಟಿಯಲ್ಲಿ ಲಿಕ್ ಕ್ರೀಕ್ ರೈಲು ಸೇತುವೆಗೆ ಬೆಂಕಿ ಇಡುವ ಭಾಗ ಚೆನ್ನಾಗಿ ಬಂದಿದೆ. ಆದರೆ ಯೂನಿಯನ್ ಪರವಾದ, ಅಂದರೆ ಅಧ್ಯಕ್ಷ ಲಿಂಕನ್ನರ ಉತ್ತರದ ಕಡೆಯ, ನಿನ್ನ ರೈತರು ಸಾಯಲೆಂದೇ ಹೊರಟವರ ಹಾಗೆ ಮಾತಾಡುತ್ತಾರೆ. ಅಲ್ಲೇ ಎಡವಟ್ಟಾಗಿದ್ದು. ಪಾದ್ರಿ ವಿಲಿಯಂ ಬ್ಲೌಂಟ್ ಕಾರ್ಟರ್ ಲಿಂಕನ್ನರ ಒಪ್ಪಿಗೆ ಪಡೆದು ಬಂದಿದ್ದ. ಒಂಬತ್ತು ಸೇತುವೆ ಸುಟ್ಟರೆ ಕೆಂಟಕಿಯಿಂದ ಯೂನಿಯನ್ ಸೈನ್ಯ ಬೆಟ್ಟ ದಾಟಿ ಬರುತ್ತದೆ ಎಂಬುದು ಲೆಕ್ಕಾಚಾರ. ಉರಿದದ್ದು ಐದು. ಯೂನಿಯನ್ ಜನರಲ್ ಶರ್ಮನ್ ದಂಡಯಾತ್ರೆಯನ್ನೇ ಕೈಬಿಟ್ಟಿದ್ದ; ಅದು ಇವರಿಗೆ ತಿಳಿದಿರಲಿಲ್ಲ. ಹಾಗಾಗಿ 9ರ ಬೆಳಗ್ಗೆ ನಿನ್ನ ಪಾತ್ರ ಸೈನ್ಯದ ದಾರಿ ಕಾಯುತ್ತಿರಬೇಕು. ಅದೇ 30ಕ್ಕೆ ಗ್ರೀನ್‌ವಿಲ್‌ನಲ್ಲಿ ಸೇತುವೆ ಸುಟ್ಟ ಹೆನ್ಸಿ ಮತ್ತು ಫ್ರೈಗೆ ನೇಣು ಎಂಬುದು ಗೊತ್ತಿರುವುದು ನಿನಗೆ, ಅವನಿಗಲ್ಲ.

ಪ್ರತಿ ದೃಶ್ಯಕ್ಕೂ ಒಂದು ಹಾಳೆ ಇಟ್ಟುಕೋ. ಎಡಕ್ಕೆ ನಡೆದದ್ದು, ಬಲಕ್ಕೆ ಅಂದು ಊರಿಗೆ ತಿಳಿದಿದ್ದದ್ದು. ನಾಕ್ಸ್‌ವಿಲ್‌ನ ಬ್ರೌನ್ಲೋನ ಯೂನಿಯನ್ ಪರ ಪತ್ರಿಕೆ ಅಕ್ಟೋಬರ್‌ನಲ್ಲೇ ನಿಂತುಹೋಗಿತ್ತು. ಅಂದರೆ ನವೆಂಬರ್‌ನಲ್ಲಿ ಇವರ ಕಡೆಯ ಸುದ್ದಿಯೆಲ್ಲ ಬಾಯಿಂದ ಬಾಯಿಗೆ. ಯಾರು ತಂದರು, ಎಷ್ಟು ದಿನ ತಡವಾಯಿತು ಎಂಬುದನ್ನೂ ಬರೆದುಕೋ. ಬಲಗಡೆ ಖಾಲಿ ಉಳಿದರೆ ಆ ಸಂಭಾಷಣೆ ಹೊಡೆದುಹಾಕು.

ಯುದ್ಧ ಮುಗಿದ ಮೇಲಿನ ಪರಿಹಾರ ಅರ್ಜಿಗಳನ್ನು ನೆಚ್ಚಿಕೊಂಡಿದ್ದೀಯ. ಓದು, ಆದರೆ ಹುಷಾರು. 1871ರಲ್ಲಿ ನೇಮಿಸಿದ ಆಯೋಗ ಪರಿಹಾರ ಕೊಟ್ಟದ್ದು ಯೂನಿಯನ್ ಸೈನ್ಯ ಒಯ್ದ ಕುದುರೆ, ಜೋಳ, ಬೇಲಿಯ ಮರಕ್ಕೆ ಮಾತ್ರ. 1861ರಲ್ಲಿ ಪೂರ್ವ ಟೆನೆಸ್ಸಿಯಲ್ಲಿದ್ದದ್ದು ಕಾನ್ಫೆಡರೇಟರು, ಅಂದರೆ ಯೂನಿಯನ್‌ನಿಂದ ಬೇರೆಯಾದ ದಕ್ಷಿಣದವರ ಸೈನ್ಯ. ಅವರು ಕಿತ್ತುಕೊಂಡ ಬಂದೂಕಿನ ಲೆಕ್ಕ ಅಲ್ಲಿ ಸಿಗದು. ನಿಷ್ಠೆ ಸಾಬೀತಾದರೆ ಮಾತ್ರ ದುಡ್ಡು. ಹತ್ತು ವರ್ಷದ ಬಳಿಕ ಎಲ್ಲರೂ ಮೊದಲಿಂದಲೂ ಯೂನಿಯನ್ ಪರವೇ! ಸಾಕ್ಷಿಗಳ ಹೇಳಿಕೆಯಲ್ಲಿ ಯಾರು ಯಾರ ಷಡ್ಡಕ, ಯಾರ ಹೊಲ ಯಾರದಕ್ಕೆ ತಾಗಿತ್ತು ಎಂಬುದನ್ನು ಹೆಕ್ಕು. ಮನೋಭಾವವನ್ನು ಅಲ್ಲಿಂದ ಎತ್ತಬೇಡ.

ಸೇತುವೆ ಸುಟ್ಟವರಲ್ಲಿ ಒಬ್ಬನಾದ ಕುಂಬಾರ ಕ್ರಿಸ್ಟೋಫರ್ ಹಾನ್‌ನನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದೀಯ, ಅನ್ಯಾಯ. ಡಿಸೆಂಬರ್‌ನಲ್ಲಿ ನೇಣಿಗೆ ಹೋಗುವ ಮುನ್ನ ಅವನು ಹೆಂಡತಿಗೆ ಬರೆದದ್ದರಲ್ಲಿ ಅರ್ಧಕ್ಕೆ ನಿಂತ ಮಡಕೆಗಳ ಮಾತೂ ಇದೆ: ಬೇರೆಯವರಿಂದ ಮುಗಿಸಿಕೊಂಡು ಹೊಟ್ಟೆಪಾಡಿಗೆ ನೋಡಿಕೋ ಅಂತ. ನಿನ್ನ ಮೂರು ಪುಟದ ಭಾಷಣ ತೆಗೆದು ಅಲ್ಲಿ ಅವನ ಮಡಕೆ ಸುಡುವ ಆವಿಗೆಯನ್ನು ತಾ.

ಇನ್ನೊಂದು. 1860ರ ಜನಗಣತಿಯ ಗುಲಾಮರ ಪಟ್ಟಿಯಲ್ಲಿ ಒಡೆಯನ ಹೆಸರಿದೆ. ಗುಲಾಮರದ್ದು ಬಹುತೇಕ ವಯಸ್ಸು, ಲಿಂಗ, ಬಣ್ಣ ಅಷ್ಟೇ. ಅದಕ್ಕೇ ಅವರು ನಿನ್ನ ಕಥೆಯಲ್ಲೂ ಕಾಣೆಯಾಗಿದ್ದಾರೆ. ಎರಡನೇ ಕರಡಿನಲ್ಲಿ ಮೊದಲು ಅದನ್ನು ಸರಿಮಾಡು.

ನಿನ್ನ,
ಅಣ್ಣ