ಪುಸ್ತಿಕೆ ಮುಗಿಯಿತು, ಕೆಲವರಿಗೆ ಧನ್ಯವಾದ ಹೇಳುವುದಿದೆ

ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಎಕ್ಸೆಟರ್ ಎಂಬ ಚಿಕ್ಕ ಊರಿನ ಖಾಸಗಿ ಶಾಲೆ, ಫಿಲಿಪ್ಸ್ ಎಕ್ಸೆಟರ್ ಅಕಾಡೆಮಿಯ ಬಗ್ಗೆ ಕನ್ನಡದಲ್ಲಿ ಬರೆಯುತ್ತೇನೆಂದಾಗ "ಯಾರು ಓದುತ್ತಾರೆ?" ಎಂದವರೇ ಹೆಚ್ಚು. ಅಂತೂ ಪುಸ್ತಿಕೆ ಅಚ್ಚಾಗಿ ಬಂದಿದೆ.

ಮೊದಲ ನಮಸ್ಕಾರ ಮೈಸೂರಿನ ನಮ್ಮ ಇತಿಹಾಸದ ಮೇಷ್ಟ್ರಿಗೆ. "1781ರಲ್ಲಿ ಜಾನ್ ಫಿಲಿಪ್ಸ್ ಶಾಲೆ ಕಟ್ಟಿದರು ಅನ್ನುವುದು ಎಲ್ಲಾದರೂ ಸಿಗುತ್ತದಪ್ಪಾ. ಅಂತರ್ಯುದ್ಧದ ಹೊಸ್ತಿಲಲ್ಲಿ ಅಲ್ಲಿ ಓದುತ್ತಿದ್ದ ಹುಡುಗರನ್ನು ಹಿಡಿ" ಎಂದವರು ಅವರು.

ಹಾಗೆ ಹಿಡಿದ ಹುಡುಗ ರಾಬರ್ಟ್ ಲಿಂಕನ್. ಹಾರ್ವರ್ಡ್ ಪ್ರವೇಶ ಪರೀಕ್ಷೆಯಲ್ಲಿ ನಪಾಸಾಗಿ 1859ರಲ್ಲಿ ಇಲ್ಲಿಗೆ ಸೇರಿದವನು. ಅವನನ್ನು ನೋಡಲು ಅಪ್ಪ ಅಬ್ರಹಾಂ ಲಿಂಕನ್ 1860ರ ಫೆಬ್ರವರಿ ಕೊನೆಯಲ್ಲಿ ಬಂದರು. ಮಗನ ಜೊತೆ ನೆಮ್ಮದಿಯಾಗಿ ಕೂರಲು ಜನ ಬಿಡಬೇಕಲ್ಲ! ಕಾಂಕಾರ್ಡ್, ಮ್ಯಾಂಚೆಸ್ಟರ್, ಡೋವರ್‌ಗಳಲ್ಲಿ ಭಾಷಣ ಮಾಡಿ, ಮಾರ್ಚ್ 3ರಂದು ಎಕ್ಸೆಟರಿನ ಪುರಭವನದಲ್ಲೂ ಮಾತನಾಡಬೇಕಾಯಿತು. ಇಷ್ಟೆಲ್ಲ ಇದೆಯೆಂದು ತಿಳಿದಿದ್ದರೆ ಈ ಕಡೆಗೆ ಬರುತ್ತಲೇ ಇರಲಿಲ್ಲವೇನೋ ಎಂದು ಹೆಂಡತಿಗೆ ಕಾಗದ ಬರೆದರು. ಸದಾ ನೀಟಾಗಿರುತ್ತಿದ್ದ ಬಾಬ್‌ನ (ರಾಬರ್ಟ್‌ನನ್ನು ಗೆಳೆಯರು ಕರೆಯುತ್ತಿದ್ದ ಹೆಸರು) ಅಪ್ಪ ನೋಡಲು ಹೀಗಿದ್ದಾರಲ್ಲ ಎಂದು ಮರುಗಿದ ಸಹಪಾಠಿಗಳು, ಮಾತು ಶುರುವಾದ ಮೇಲೆ ಅವರ ರೂಪವನ್ನೇ ಮರೆತರಂತೆ.

ಆ ಪುರಭವನ ಇಂದಿಗೂ ನಿಂತಿದೆ. ಮಂಡಿನೋವಿದ್ದರೂ ಚಳಿಯಲ್ಲಿ ಜೊತೆಗೆ ಬಂದು ತೋರಿಸಿದ ಅಲ್ಲಿನ ಹಿರಿಯರೊಬ್ಬರಿಗೆ ಋಣಿ.

ಗ್ರಂಥಾಲಯದ ಆ ಮಹಿಳೆಗೆ ಏನು ಹೇಳಲಿ? 1860ರ ಜುಲೈ 22ರ ಪತ್ರವನ್ನು ನನ್ನ ಮುಂದಿಟ್ಟವರು ಅವರೇ. ಆ ವರ್ಷ ರಾಬರ್ಟ್‌ಗೆ ಹಾರ್ವರ್ಡ್ ಸಿಕ್ಕಿತು, ಗೆಳೆಯ ಜಾರ್ಜ್ ಲೇಥಮ್‌ಗೆ ಸಿಗಲಿಲ್ಲ. ಅಷ್ಟು ಹೊತ್ತಿಗೆ ಲಿಂಕನ್ ಅಧ್ಯಕ್ಷ ಪದವಿಯ ಅಭ್ಯರ್ಥಿ. ಆದರೂ ಕೂತು ಆ ಹುಡುಗನಿಗೆ ಬರೆದರು: ಸೋಲಬಾರದೆಂದು ಗಟ್ಟಿಮನಸ್ಸು ಮಾಡಿದರೆ ನೀನು ಸೋಲಲಾರೆ, ಸುಲಭವಾಗಿ ಕಾಲೇಜು ಸೇರಿದವರಿಗಿಂತ ಮುಂದೆ ಹೋಗಲೂಬಹುದು ಎಂದು. ನನಗೆ ಲಿಂಕನ್ನರ ದೊಡ್ಡ ಭಾಷಣಗಳಿಗಿಂತ ಈ ಕಾಗದವೇ ಹೆಚ್ಚು ಹತ್ತಿರ.

ಕೊನೆಯದಾಗಿ ನನ್ನ ಹೆಂಡತಿ. ಕರಡು ತಿದ್ದುತ್ತಾ "ಊರವರ ಮಕ್ಕಳೆಲ್ಲ ಯುದ್ಧಕ್ಕೆ ಹೋದಾಗ ಅಧ್ಯಕ್ಷರ ಮಗ ಓದುತ್ತಲೇ ಇದ್ದನೇ?" ಎಂದು ಕೇಳಿದಳು. ನ್ಯಾಯವಾದ ಪ್ರಶ್ನೆ. ಮಗನನ್ನು ಸೈನ್ಯಕ್ಕೆ ಕಳಿಸಲು ತಾಯಿ ಮೇರಿ ಒಪ್ಪಿರಲಿಲ್ಲ. 1864ರಲ್ಲಿ ಪದವಿ ಮುಗಿಸಿದ ರಾಬರ್ಟ್, ಅಪ್ಪ ಆಗಿನ ಸೇನಾ ಮುಖ್ಯಸ್ಥ ಜನರಲ್ ಗ್ರಾಂಟ್‌ಗೆ ಪತ್ರ ಬರೆದ ನಂತರ, 1865ರಲ್ಲಿ ಕ್ಯಾಪ್ಟನ್ ಆಗಿ ಅವರ ಸಿಬ್ಬಂದಿಗೆ ಸೇರಿದ. ಅವಳ ಆ ಪ್ರಶ್ನೆಯಿಂದ ಇಡೀ ಅಧ್ಯಾಯವೇ ಬೆಳೆಯಿತು. ಪುಟ ಹೆಚ್ಚಿದ್ದಕ್ಕೆ ಗೊಣಗದೆ ಅಚ್ಚು ಹಾಕಿಕೊಟ್ಟ ಪ್ರೆಸ್ಸಿನವರಿಗೂ ಧನ್ಯವಾದ.