ಬಾಡಿಗೆಯೇ ಕಂತು ಕಟ್ಟುತ್ತದೆಯೇ?

ಮಾನ್ಯ ಸಂಪಾದಕರೇ,

ದಾವಣಗೆರೆಯಲ್ಲಿ ಈಗ ಯಾವ ಹೊಸ ಬಡಾವಣೆಯ ಪಾಂಪ್ಲೆಟ್ ನೋಡಿದರೂ ಒಂದೇ ಮಾತು: ‘ಮನೆ ಕಟ್ಟಿಸಿ, ಬಾಡಿಗೆಗೆ ಕೊಡಿ, ಬ್ಯಾಂಕಿನ ಕಂತು ತಾನಾಗೇ ತೀರುತ್ತದೆ.’ ನಿಟ್ಟುವಳ್ಳಿಯಲ್ಲಿ ನಮ್ಮ ಮಹಡಿ ಮೇಲೆ ಎರಡು ಬಾಡಿಗೆ ಮನೆಗಳಿವೆ. ಲೆಕ್ಕ ಬರೆಯುವವಳು ನಾನೇ. ಅದಕ್ಕೇ ಈ ಪತ್ರ.

ಇಪ್ಪತ್ತು ಲಕ್ಷ ಸಾಲ, ಶೇ 8.5 ಬಡ್ಡಿ, 20 ವರ್ಷ. ಕಂತು 17,356 ರೂಪಾಯಿ. ಮೊದಲ ಕಂತಿನಲ್ಲಿ ಬಡ್ಡಿಗೇ 14,167 ಹೋಯಿತು, ಅಸಲಿಗೆ ಬರೀ 3,189. ಎರಡೂ ಮನೆ ಸೇರಿ ಬಾಡಿಗೆ 17,500. ‘ಸರಿಹೋಯ್ತಲ್ಲ’ ಅನ್ನುತ್ತಾರೆ ನೆಂಟರು. ಉಳಿಯುವ 144 ರೂಪಾಯಿ ಪ್ಲಂಬರ್ ಕೂಲಿಗೂ ಸಾಲದು!

ನನಗೆ ಕಂಡ ಹಾಗೆ ದುಡ್ಡು ಹೋಗುವುದೆಲ್ಲ ಬೇಸಿಗೆಯಲ್ಲೇ. ಪರೀಕ್ಷೆ ಮುಗಿಸಿ ಕಾಲೇಜು ಹುಡುಗಿಯರು ಮನೆ ಖಾಲಿ ಮಾಡುತ್ತಾರೆ. ಅವರ ಅಡ್ವಾನ್ಸ್ ವಾಪಸ್ ಕೊಡಬೇಕು, ಸುಣ್ಣಬಣ್ಣ ಮಾಡಿಸಬೇಕು. ಬೋರಿನ ಮೋಟರ್ ಸುಡುವುದೂ ಆಗಲೇ. ಪೈಪ್ ಎತ್ತಿಸಿ, ವೈಂಡಿಂಗ್ ಮಾಡಿಸಿ, ಮತ್ತೆ ಇಳಿಸುವವರೆಗೂ ಟ್ಯಾಂಕರ್ ನೀರು. ಶೇ 5 ರಿಯಾಯಿತಿ ಬೇಕೆಂದರೆ ಪಾಲಿಕೆಯ ಕಂದಾಯವನ್ನೂ ಏಪ್ರಿಲ್‌ನಲ್ಲೇ ಕಟ್ಟಬೇಕು. ಬ್ಯಾಂಕಿಗೆ ಮಾತ್ರ ಬೇಸಿಗೆ ರಜೆ ಇಲ್ಲ, ಅಲ್ವಾ?

ಹಾಗಾಗಿ ನಾನು ವರ್ಷಕ್ಕೆ ಹತ್ತೇ ತಿಂಗಳ ಬಾಡಿಗೆ ಲೆಕ್ಕಕ್ಕೆ ಹಿಡಿಯುತ್ತೇನೆ, ಅಂದರೆ 1,75,000. ಕಂತು 2,08,272. ಮೂವತ್ಮೂರು ಸಾವಿರದಷ್ಟು ಕೊರತೆ ನನ್ನ ಸಂಬಳದಿಂದ ಹೋಗುತ್ತದೆ, ರಿಪೇರಿ ಬೇರೆ. ಅಡ್ವಾನ್ಸ್ ಪೂರಾ ಬೇರೆ ಪಾಸ್‌ಬುಕ್‌ನಲ್ಲಿದೆ. ಅದನ್ನು ಮುಟ್ಟುವುದಿಲ್ಲ. (ಗೃಹಜ್ಯೋತಿ ಬಂದ ಮೇಲೆ, ಬಿಟ್ಟುಹೋದವರ ಕರೆಂಟ್ ಬಿಲ್ಲಿನ ತಲೆನೋವು ಕಡಿಮೆಯಾಗಿದೆ. ಅಷ್ಟು ಪುಣ್ಯ.)

‘ಟ್ಯಾಕ್ಸ್ ಉಳಿಯುತ್ತೆ’ ಅನ್ನುವುದೂ ಅರ್ಧ ಸತ್ಯ. ಬಾಡಿಗೆಯಲ್ಲಿ ಕಂದಾಯ ಕಳೆದು, ಉಳಿದದ್ದರಲ್ಲಿ ಶೇ 30 ಬಿಡುತ್ತಾರೆ, ಬಿಲ್ಲು ಕೇಳುವುದಿಲ್ಲ. ಬಡ್ಡಿಯನ್ನೂ ಕಳೆಯಬಹುದು. ಆದರೆ ಹಾಗೆ ಕಳೆದು ನಷ್ಟ ಬಂದರೆ, ಹಳೇ ತೆರಿಗೆ ಪದ್ಧತಿಯಲ್ಲಿ ವರ್ಷಕ್ಕೆ 2 ಲಕ್ಷದವರೆಗೆ ಸಂಬಳದಲ್ಲಿ ವಜಾ ಮಾಡಿಕೊಳ್ಳಬಹುದು. ಹೊಸ ಪದ್ಧತಿಯಲ್ಲಿ ಅದಿಲ್ಲ. ಪಾಂಪ್ಲೆಟ್‌ನವರು ಇದನ್ನು ಹೇಳುವುದಿಲ್ಲ.

ನನಗೆ ಜಾಸ್ತಿ ಭಯ ಇರುವುದು ಭೋಗ್ಯದ ಬಗ್ಗೆ, ಅಂದರೆ ತಿಂಗಳ ಬಾಡಿಗೆ ಬದಲು ಒಟ್ಟಿಗೆ ದುಡ್ಡು ಪಡೆದು, ಮನೆ ಬಿಡುವಾಗ ಪೂರ್ತಿ ವಾಪಸ್ ಕೊಡುವ ಪದ್ಧತಿ. ನಮ್ಮ ಬೀದಿಯಲ್ಲೇ ಒಬ್ಬರು ಕೆಳಗಿನ ಮನೆಯನ್ನು ಆರು ಲಕ್ಷಕ್ಕೆ ಭೋಗ್ಯಕ್ಕೆ ಹಾಕಿ, ಆ ದುಡ್ಡಲ್ಲಿ ಮಹಡಿ ಎಬ್ಬಿಸಿದರು. ಮೂರು ವರ್ಷ ಆಯಿತು, ಮನೆಯಲ್ಲಿದ್ದವರು ದುಡ್ಡು ಕೇಳಿದರು. ದುಡ್ಡೆಲ್ಲಿದೆ? ಗೋಡೆಯಲ್ಲಿದೆ. ಇನ್ನೊಬ್ಬ ಭೋಗ್ಯದಾರ ಸಿಗುವವರೆಗೆ ನೂರಕ್ಕೆ ಮೂರರಂತೆ ಕೈಸಾಲ. ತಿಂಗಳಿಗೆ ಹದಿನೆಂಟು ಸಾವಿರ ಬಡ್ಡಿ! ಬ್ಯಾಂಕಿನ ಕಂತೇ ಇದಕ್ಕಿಂತ ಅಗ್ಗ. ಭೋಗ್ಯಕ್ಕೆ ಬರುವವರೂ ಅಷ್ಟೇ, ಆ ಮನೆಯ ಮೇಲೆ ಬ್ಯಾಂಕ್ ಸಾಲ ಇದೆಯೇ ಎಂದು ಮೊದಲೇ ವಿಚಾರಿಸಬೇಕು.

ಇನ್ನು ಬಡ್ಡಿ ದರ. 2025ರಲ್ಲಿ ರಿಸರ್ವ್ ಬ್ಯಾಂಕ್ ರೆಪೊ ದರವನ್ನು (ಬ್ಯಾಂಕುಗಳಿಗೆ ತಾನು ಕೊಡುವ ಸಾಲದ ಬಡ್ಡಿ) ಶೇ 6.5ರಿಂದ 5.25ಕ್ಕೆ ಇಳಿಸಿತು. ಅದರಿಂದ ನಮ್ಮ ಸಾಲದ ಬಡ್ಡಿ ಇಳಿದರೆ, ಸಾಮಾನ್ಯವಾಗಿ ಬ್ಯಾಂಕುಗಳು ಕಂತನ್ನು ಹಾಗೇ ಬಿಟ್ಟು ಅವಧಿ ಕಡಿಮೆ ಮಾಡುತ್ತವೆ. ಒಟ್ಟಾರೆ ಲೆಕ್ಕಕ್ಕೆ ಅದೇ ಲಾಭ, ನಿಜ. ಆದರೆ ತಿಂಗಳ ಕೊನೆಗೆ ಕೈ ಖಾಲಿಯಾಗುವವರು ಶಾಖೆಗೆ ಹೋಗಿ, ಕಂತು ಇಳಿಸಿಕೊಡಿ ಎಂದು ಬರೆದುಕೊಡಬೇಕು. ಸುಮ್ನೆ ಕೂತರೆ ಯಾರೂ ಕರೆದು ಹೇಳುವುದಿಲ್ಲ.

ತಮ್ಮ ಪತ್ರಿಕೆಯಲ್ಲೂ ನಿವೇಶನಗಳ ಜಾಹೀರಾತು ಪುರವಣಿ ಬರುತ್ತದೆ. ಅದರಲ್ಲಿ ಒಂದು ಪುಟವನ್ನಾದರೂ ಈಗಾಗಲೇ ಬಾಡಿಗೆ ಮನೆ ಕಟ್ಟಿಸಿದವರ ಲೆಕ್ಕಕ್ಕೆ ಬಿಡಿ. ನನ್ನ ಪುಸ್ತಕ ಕೊಡಲು ನಾನು ತಯಾರಿದ್ದೇನೆ.

– ಅಂಚೆ ನೌಕರೆ, ನಿಟ್ಟುವಳ್ಳಿ, ದಾವಣಗೆರೆ